ತೀರ್ಥ ತಗೊಂಡರೆ ಸುಳ್ಳು ಹೇಳಿದಂತಾಗುತ್ತಾ?

ಪ್ರಿಯ ಚೇತನ್,

ಪತ್ರ ತಲುಪಿತು. ದೇವರ ಗೂಡೇ ಇಲ್ಲದ ಮನೆಯಲ್ಲಿ ಬೆಳೆದವನು ನೀನು, ಈಗ ಹೆಂಡತಿಯ ತವರಲ್ಲಿ ಸತ್ಯನಾರಾಯಣ ಪೂಜೆ. ತೀರ್ಥಕ್ಕೆ ಕೈಯೊಡ್ಡಿದರೆ ಸುಳ್ಳು ಹೇಳಿದಂತಾಗುತ್ತಾ ಅಂತ ಕೇಳಿದ್ದೀಯ. ನನ್ನ ಪ್ರಕಾರ ತೀರ್ಥ ತಗೊಂಡರೆ ಆಗೋದಿಲ್ಲ. ಸಂಕಲ್ಪಕ್ಕೆ ಕೂತರೆ ಆಗುತ್ತೆ.

ಸಂಕಲ್ಪ ಅಂದರೆ ಪೂಜೆಯ ಶುರುವಿನಲ್ಲಿ ಪುರೋಹಿತರು ಹೇಳಿಸುವ ಭಾಗ. ಕೈಗೆ ಅಕ್ಷತೆ ಕೊಟ್ಟು, ಸಂವತ್ಸರ, ಮಾಸ, ತಿಥಿ ಹೇಳಿ, ನಿನ್ನ ಗೋತ್ರ, ನಕ್ಷತ್ರ, ಹೆಸರು ಸೇರಿಸಿ, ಇಂಥ ಫಲಕ್ಕಾಗಿ ಈ ಪೂಜೆ ‘ಕರಿಷ್ಯೇ’ ಅಂತ ಮುಗಿಸುತ್ತಾರೆ. ಕರಿಷ್ಯೇ ಅಂದರೆ ‘ಮಾಡುತ್ತೇನೆ’. ಮಾತು ಪುರೋಹಿತರು ಹೇಳಿಕೊಟ್ಟದ್ದಾದರೂ ಹೇಳುವವನು ನೀನು. ನಂಬದವನು ಅದನ್ನು ಹೇಳಬಾರದು ಅಂತ ನಿನಗನ್ನಿಸಿದರೆ ಆ ಮಣೆಯ ಮೇಲೆ ಕೂರಬೇಡ. ಆದರೆ ಬೇಡ ಅನ್ನೋದಕ್ಕೂ ಹೊತ್ತುಗೊತ್ತು ಇದೆ. ಮಣೆ ಹಾಕಿ, ರಂಗೋಲಿ ಬಿಟ್ಟು, ಕಲಶ ಇಟ್ಟಾದ ಮೇಲೆ ‘ನಾನು ಕೂರಲ್ಲ’ ಅಂದರೆ ನಾಲ್ಕು ಜನರ ಮುಂದೆ ನಿನ್ನ ಅತ್ತೆ-ಮಾವನ ಮುಖ ಸಪ್ಪಗಾಗುತ್ತೆ. ನಾಲ್ಕು ದಿನ ಮೊದಲೇ ಹೆಂಡತಿಯ ಬಾಯಲ್ಲಿ ಹೇಳಿಸು: ‘ಈ ಸಲ ಅಪ್ಪ-ಅಮ್ಮ ಕೂತ್ಕೊಳ್ಳಲಿ, ನಾವು ಓಡಾಟ ನೋಡ್ಕೋತೀವಿ.’ ಯಾರಿಗೂ ಇದು ನಿರಾಕರಣೆ ಅನ್ನಿಸೋದಿಲ್ಲ. ಮಾತು ಕೊಟ್ಟ ಮೇಲೆ ಓಡಾಟ ನಿಜವಾಗಿಯೂ ನೋಡಿಕೊಳ್ಳಬೇಕು. ಬಾಳೆಕಂಬ ಕಟ್ಟೋದರಿಂದ ಹಿಡಿದು ಎಲೆ ಹಾಕೋವರೆಗೆ ಕೆಲಸಕ್ಕೇನೂ ಬರ ಇರೋದಿಲ್ಲ.

ತೀರ್ಥದ ಮಾತೇ ಬೇರೆ. ಅದನ್ನು ಬಂದವರಿಗೆಲ್ಲ ಕೊಡುತ್ತಾರೆ, ‘ನಂಬ್ತೀಯಾ?’ ಅಂತ ಕೇಳಿ ಕೊಡೋದಿಲ್ಲ. ಬಲ ಅಂಗೈ ಬಟ್ಟಲಿನಂತೆ ಮಾಡಿ, ಎಡಗೈ ಕೆಳಗೆ ಆಸರೆ ಕೊಟ್ಟು ಹಿಡಿ. ಉದ್ಧರಣೆಯಲ್ಲಿ, ಅಂದರೆ ತೀರ್ಥ ಹಾಕುವ ಪುಟ್ಟ ಚಮಚದಲ್ಲಿ, ಸಾಮಾನ್ಯವಾಗಿ ಮೂರು ಸಲ ಹಾಕುತ್ತಾರೆ. ಮೊದಲನೆಯದಕ್ಕೇ ಕೈ ಹಿಂದೆಗೆದರೆ ಎರಡನೆಯದು ನೆಲಕ್ಕೆ ಬೀಳುತ್ತೆ, ಹೊಸಬರೆಲ್ಲ ಮಾಡೋ ತಪ್ಪು ಇದು. ಸದ್ದಿಲ್ಲದೆ ಕುಡಿದು, ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಬೇಡ, ಕರ್ಚೀಫಿಗೆ ಒರೆಸು. ಮಂಗಳಾರತಿ ತಟ್ಟೆ ಬಂದಾಗ ಜ್ವಾಲೆಯ ಮೇಲೆ ಅಂಗೈ ಹಿಡಿದು ಕಣ್ಣಿಗೆ ಒತ್ತಿಕೊಳ್ಳೋದು ರೂಢಿ. ಅಷ್ಟು ಬೇಡ ಅನ್ನಿಸಿದರೆ ಕೈಮುಗಿ, ತಟ್ಟೆ ಮುಂದಕ್ಕೆ ಹೋಗುತ್ತೆ, ಯಾರೂ ಲೆಕ್ಕ ಇಡೋದಿಲ್ಲ.

ಲೆಕ್ಕ ಇಡೋದು ಪ್ರಸಾದಕ್ಕೆ. ಸತ್ಯನಾರಾಯಣ ಪೂಜೆಯ ಪ್ರಸಾದ ಸಪಾದಭಕ್ಷ್ಯ. ಸಪಾದ ಅಂದರೆ ಒಂದೂಕಾಲು: ರವೆ, ಸಕ್ಕರೆ, ತುಪ್ಪ, ಹಾಲು, ಬಾಳೆಹಣ್ಣು ಎಲ್ಲ ಒಂದೂಕಾಲಿನ ಅಳತೆ. ಆ ದಿನ ಓದುವ ಕಥೆಯಲ್ಲಿ ಕಲಾವತಿ ಗಂಡ ಬಂದ ಸುದ್ದಿ ಕೇಳಿ ಪ್ರಸಾದ ಬಿಟ್ಟು ಓಡುತ್ತಾಳೆ, ಗಂಡನ ಹಡಗು ಕಣ್ಮರೆಯಾಗುತ್ತೆ. ತುಂಗಧ್ವಜ ರಾಜ ಗೊಲ್ಲರು ಕೊಟ್ಟ ಪ್ರಸಾದ ಬಿಟ್ಟು ಹೋಗಿ ಎಲ್ಲ ಕಳೆದುಕೊಳ್ಳುತ್ತಾನೆ. ಆ ಕಥೆ ಈಗಷ್ಟೇ ಕೇಳಿದವರ ಮುಂದೆ ‘ನನಗೆ ಬೇಡ’ ಅಂತ ಎದ್ದು ಹೋದರೆ ಅತ್ತೆಗೆ ಅದು ನಾಸ್ತಿಕತೆಯಾಗಿ ಕಾಣೋದಿಲ್ಲ, ಮಗಳ ಸಂಸಾರಕ್ಕೆ ಬಂದ ಕೇಡಾಗಿ ಕಾಣುತ್ತೆ. ಸಕ್ಕರೆ ಜಾಸ್ತಿ ಅನ್ನಿಸಿದರೆ ಒಂದು ಚಮಚದಷ್ಟು ತಿನ್ನು.

ಒಪ್ಪಿಗೆಯ ಮಾತು ಹೇಳೋದು ಬೇರೆ, ಕೊಟ್ಟದ್ದು ತಗೊಳ್ಳೋದು ಬೇರೆ ಅನ್ನೋ ಈ ಅಳತೆಗೋಲನ್ನೇ ಬೇರೆ ಕಡೆಗೂ ಒಯ್ಯಬಹುದು, ಆದರೆ ಕಣ್ಣುಮುಚ್ಚಿ ಅಲ್ಲ. ಕ್ಯಾಥೊಲಿಕ್ ಚರ್ಚಿನಲ್ಲಿ ಪ್ರಸಾದದಂತೆಯೇ ಕಾಣುವ ಪರಮಪ್ರಸಾದ ನಿಜಕ್ಕೂ ಸಂಕಲ್ಪದ ಸಾಲಿಗೆ ಸೇರಿದ್ದು. ‘ಕ್ರಿಸ್ತನ ಶರೀರ’ ಅನ್ನುತ್ತಾರೆ, ತಗೊಳ್ಳುವವರು ‘ಆಮೆನ್’ ಅನ್ನಬೇಕು. ಅದು ಒಪ್ಪಿಗೆಯ ಮಾತು. ಸಾಲು ಎದ್ದಾಗ ನೀನು ಬೆಂಚಿನಲ್ಲೇ ಕೂತಿರು, ದಾಟಿಹೋಗುವವರಿಗೆ ಕಾಲು ಸರಿಸಿ ದಾರಿ ಬಿಡು. ಇಫ್ತಾರಿಗೆ ಕರೆದರೆ ಸೂರ್ಯ ಮುಳುಗಿದಾಗಿನ ಮಗ್ರಿಬ್ ಅಜಾನ್ ಆಗೋವರೆಗೆ ತಟ್ಟೆಗೆ ಕೈಹಾಕದೆ ಕಾದರೆ ಸಾಕು. ಆಮೇಲೆ ಖರ್ಜೂರ ತಗೊ, ಅವರು ನಮಾಜಿಗೆ ಎದ್ದಾಗ ಸುಮ್ಮನೆ ಕೂತಿರು.

ಇನ್ನು ಪ್ರಶ್ನೆಗಳು. ‘ನಿಮ್ಮ ಮನೆದೇವರು ಯಾವುದು?’ ಅಂತ ಅಲ್ಲಿ ಯಾರಾದರೂ ಕೇಳೇ ಕೇಳುತ್ತಾರೆ. ಪುರೋಹಿತರು ಗೋತ್ರ ಕೇಳಿದರೆ ಅದು ಸಂಕಲ್ಪದಲ್ಲಿ ತುಂಬಬೇಕಾದ ಖಾಲಿ ಜಾಗ. ಗೊತ್ತಿಲ್ಲ ಅಂದರೆ ಕಾಶ್ಯಪ ಗೋತ್ರ ಅಂತ ಸೇರಿಸಿ ಮುಂದೆ ಹೋಗುವ ರೂಢಿಯಿದೆ. ಆದರೆ ಊಟದ ಪಂಕ್ತಿಯಲ್ಲಿ ಪಕ್ಕದವರು ಮನೆದೇವರು ಕೇಳಿದರೆ ಎಷ್ಟೋ ಸಲ ಅವರು ಹುಡುಕುತ್ತಿರೋದು ಜಾತಿಯನ್ನು. ಅದಕ್ಕೆ ಧರ್ಮಸೂಕ್ಷ್ಮದ ಉತ್ತರ ಬೇಕಿಲ್ಲ. ‘ನಮ್ಮ ಮನೇಲಿ ಆ ಪದ್ಧತಿ ಇಲ್ಲ’ ಅಂತ ಹೇಳಿ ಹುಳಿ ಬಡಿಸಿಕೊ. ‘ಹಾಗಾದ್ರೆ ನಾಸ್ತಿಕರಾ?’ ಅಂತ ಮುಂದುವರಿದರೆ ಗಾಬರಿಯಾಗಬೇಡ. ಹಳೆಯ ಶಾಸ್ತ್ರಗಳಲ್ಲಿ ನಾಸ್ತಿಕ ಅಂದರೆ ವೇದವನ್ನು ಪ್ರಮಾಣ ಅಂತ ಒಪ್ಪದವನು. ಆ ಲೆಕ್ಕದಲ್ಲಿ ಜೈನರೂ ಬೌದ್ಧರೂ ನಾಸ್ತಿಕರು. ಜಗತ್ತನ್ನು ಸೃಷ್ಟಿಸಿದ ದೇವರನ್ನು ಒಪ್ಪದ ಜೈನರೇ ಶ್ರವಣಬೆಳಗೊಳದಲ್ಲಿ ಮಸ್ತಕಾಭಿಷೇಕ ಮಾಡೋದು. ವೇದವನ್ನು ಒಪ್ಪುವ ಸಾಂಖ್ಯರೋ, ಈಶ್ವರನಿಲ್ಲದೆ ಇಡೀ ದರ್ಶನ ಕಟ್ಟಿದರು. ‘ದೇವರಿದ್ದಾನೋ ಇಲ್ಲವೋ’ ಅನ್ನೋ ಒಂದೇ ಗೆರೆ ಎಳೆದು ಆಚೆ-ಈಚೆ ನಿಲ್ಲೋದು ನಮ್ಮ ಕಡೆ ಅಷ್ಟು ಹಳೆಯ ಆಟವೇನಲ್ಲ.

ನೇರವಾಗಿ ಪವಾಡದ ಮಾತು ಬಂದರೆ? 1995ರ ಸೆಪ್ಟೆಂಬರ್ 21ರಂದು ಗಣೇಶ ಹಾಲು ಕುಡಿದದ್ದನ್ನು ಕಣ್ಣಾರೆ ಕಂಡವರು ಆ ಮನೆಯಲ್ಲೂ ಇದ್ದಾರು. ಅವರು ಕಂಡದ್ದು ಸುಳ್ಳಲ್ಲ, ಚಮಚ ಖಾಲಿಯಾದದ್ದು ನಿಜ. ಅಂಚಿನವರೆಗೆ ತುಂಬಿದ ಚಮಚವನ್ನು ಕಲ್ಲಿಗೆ ತಾಗಿಸಿ ಚೂರು ಓರೆ ಮಾಡಿದರೆ ಮೇಲ್ಮೈ ಎಳೆತದಿಂದ ಹಾಲು ಕಲ್ಲಿಗೆ ಅಂಟಿಕೊಂಡು ತೆಳ್ಳನೆಯ ಪದರವಾಗಿ ಕೆಳಗಿಳಿಯುತ್ತೆ. ಅಮೃತಶಿಲೆಯ ಮೇಲೆ ಬಿಳಿ ಪದರ ಕಾಣೋದಿಲ್ಲ. ವಿಜ್ಞಾನಿಗಳು ಹಾಲಿಗೆ ಬಣ್ಣ ಬೆರೆಸಿ ತೋರಿಸಿದ್ದು ಇದನ್ನೇ. ಯಾರಾದರೂ ಆಸೆಪಟ್ಟು ಕೇಳಿದರೆ ಹಿತ್ತಲಿನ ಗುಂಡುಕಲ್ಲಿನ ಮೇಲೆ ಮಾಡಿ ತೋರಿಸು. ಎರಡು ಹನಿ ಕಾಫಿ ಡಿಕಾಕ್ಷನ್ ಹಾಕಿದರೆ ಹಾಲು ಇಳಿದ ಜಾಡು ಕಾಣುತ್ತೆ. ಚಮಚ ಅರ್ಧ ತುಂಬಿದ್ದರೆ ಆಟ ನಡೆಯೋದಿಲ್ಲ. ದೇವರ ಮನೆಯೊಳಗೆ ಮಾಡಬೇಡ. ಅಲ್ಲಿ ಮಾಡಿದರೆ ಯಾರೂ ಹಾಲು ನೋಡೋದಿಲ್ಲ, ನಿನ್ನ ಮುಖ ನೋಡುತ್ತಾರೆ.

ಸುಮ್ಮನಿರಲೇಬಾರದ ಜಾಗ ಒಂದಿದೆ: ಮೈಗೆ ಅಪಾಯ ಬಂದಾಗ. ಅಡಿಕೆ ತೋಟದ ಮನೆ ಅಂತೀಯ, ಹಾವು ಕಚ್ಚಿದರೆ ಮಂತ್ರ ಹಾಕಿಸುವ ಮಾತು ಬಂದೇ ಬರುತ್ತೆ. ಮಂತ್ರವಾದಿಗೆ ಹೆಸರು ಬರೋದು ಯಾಕೆ ಗೊತ್ತಾ? ಸುತ್ತಮುತ್ತ ಇರುವ ಹಾವುಗಳಲ್ಲಿ ಹೆಚ್ಚಿನವಕ್ಕೆ ವಿಷವಿಲ್ಲ, ವಿಷದ ಹಾವೂ ಕೆಲವೊಮ್ಮೆ ವಿಷ ಬಿಡದೆ ಕಚ್ಚುತ್ತೆ. ಅವರೆಲ್ಲ ಹೇಗೂ ಬದುಕುತ್ತಿದ್ದರು. ಕಟ್ಟುಹಾವು ಕಚ್ಚಿದರೆ ನೋವೇ ಗೊತ್ತಾಗದೆ ಹೋಗಬಹುದು, ಗಂಟೆಗಳ ನಂತರ ಕಣ್ಣಿನ ರೆಪ್ಪೆ ಇಳಿಬೀಳೋಕೆ ಶುರುವಾಗುತ್ತೆ. ಆ ಹೊತ್ತಲ್ಲಿ ಮಂತ್ರದ ಮೇಲೆ ವಾದ ಮಾಡಬೇಡ. ‘ಮಂತ್ರ ಫೋನಲ್ಲೇ ಹಾಕಿಸೋಣ, ಮೊದಲು ಗಾಡಿ ಹತ್ತಿ’ ಅನ್ನು. ಕಚ್ಚಿದ ಕಾಲನ್ನು ಅಲ್ಲಾಡಿಸದೆ, ಕೊಯ್ಯದೆ, ಬಿಗಿಯಾಗಿ ಕಟ್ಟದೆ, ವಿಷನಿರೋಧಕ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಕರೆದೊಯ್ಯಿ. ಹಾವು ಕಡಿದವರಿಗೆ ಚಿಕಿತ್ಸೆ ತಪ್ಪಿಸಿ ಮಂತ್ರ-ತಂತ್ರ ಮಾಡೋದು ಕರ್ನಾಟಕದ 2017ರ ಮೌಢ್ಯ ನಿಷೇಧ ಕಾಯ್ದೆಯಲ್ಲಿ ಅಪರಾಧ. ಹರಿಕಥೆ, ಭಜನೆ, ಪ್ರದಕ್ಷಿಣೆಗಳನ್ನು ಅದೇ ಕಾಯ್ದೆ ಮುಟ್ಟಿಲ್ಲ. ಗೆರೆಯನ್ನು ಅಲ್ಲಿ ಎಳೆದದ್ದು ನನಗೆ ಸರಿ ಅನ್ನಿಸುತ್ತೆ.

ಮಾವನಿಗೆ ಸಕ್ಕರೆ ಕಾಯಿಲೆ, ಏಕಾದಶಿ ಬಿಡಲ್ಲ ಅಂದಿದ್ದೀಯಲ್ಲ. ‘ಉಪವಾಸದಿಂದ ಪುಣ್ಯ ಬರಲ್ಲ’ ಅನ್ನೋದು ಅಲ್ಲಿ ದಂಡ. ಹಣ್ಣು-ಹಾಲಿನ ಫಲಾಹಾರಕ್ಕೆ ಅವರ ಆಚಾರದಲ್ಲೇ ಜಾಗವಿದೆ, ಅದನ್ನು ಹಿಡಿ. ಊಟ ಬಿಟ್ಟು ಮಾತ್ರೆ ಮಾತ್ರ ಎಂದಿನಂತೆ ನುಂಗಿದರೆ ಸಕ್ಕರೆ ಕುಸಿಯಬಹುದು, ಆದ್ದರಿಂದ ಆ ದಿನದ ಡೋಸ್ ಎಷ್ಟು ಅಂತ ಅವರ ಡಾಕ್ಟರನ್ನೇ ಮೊದಲೇ ಕೇಳಿಸು. ಬೆವರು, ಕೈನಡುಕ ಕಂಡರೆ ಬೆರಳು ಚುಚ್ಚಿ ನೋಡಿ. ಸಕ್ಕರೆ ಮಟ್ಟ 70ಕ್ಕಿಂತ (mg/dL) ಕೆಳಗಿದ್ದರೆ ತಕ್ಷಣ ಸಕ್ಕರೆ ನೀರು ಕೊಡಬೇಕು.

ಸಾವಿನ ಮನೆಯ ಬಗ್ಗೆ ನೀನು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ, ದೇವರಿಲ್ಲದ ಮನೆಯಿಂದ ಬಂದವರು ಹೆಚ್ಚು ತಡವರಿಸೋದು ಅಲ್ಲೇ. ‘ಆತ್ಮಕ್ಕೆ ಶಾಂತಿ ಸಿಗಲಿ’ ಅನ್ನೋಕೆ ನಾಲಿಗೆ ಏಳದಿದ್ದರೆ ಅನ್ನಬೇಡ. ತೀರಿಕೊಂಡವರ ಹೆಸರು ಹಿಡಿದು ಒಂದು ನೆನಪು ಹೇಳು. ‘ದೇವರಿಗೆ ಬೇಕಾಗಿತ್ತು, ಕರ್ಕೊಂಡ’ ಅಂತ ಅವರು ಅಂದರೆ ಅಲ್ಲಿ ತಿದ್ದಬೇಕಾದ್ದು ಏನೂ ಇಲ್ಲ, ಕೈ ಹಿಡಿದುಕೊ. ಹೊರಡುವಾಗ ‘ಹೋಗಿ ಬರ್ತೀನಿ’ ಅನ್ನಬೇಡ, ಅಲ್ಲಿ ಯಾರೂ ಹಾಗೆ ಹೇಳೋದಿಲ್ಲ. ಸುಮ್ಮನೆ ಎದ್ದು ಬರಬೇಕು.

ಸಂಕಲ್ಪದ ವಿಷಯ ಹೆಂಡತಿಯ ಹತ್ತಿರ ಇವತ್ತೇ ಮಾತಾಡು. ಬಾಳೆಕಂಬ ಎಲ್ಲಿಂದ ತರಬೇಕು ಅಂತಲೂ ಕೇಳಿಟ್ಟುಕೊ.

ಇಂತಿ ನಿನ್ನ ಗೆಳೆಯ