ಹನ್ನೆರಡನೆಯ ತರಗತಿಯ ಪೋಷಕರಿಗೆ: ಸಮಾಜಕಾರ್ಯ ಪದವಿಯ ಕುರಿತು

ಮಾನ್ಯ ಪೋಷಕರಿಗೆ ನಮಸ್ಕಾರಗಳು.

ಹನ್ನೆರಡನೆಯ ತರಗತಿಯ ನಂತರ ಮಕ್ಕಳನ್ನು ಯಾವ ಪದವಿಗೆ ಸೇರಿಸಬೇಕೆಂದು ವಿಚಾರಿಸಲು ನಿಮ್ಮಲ್ಲಿ ಹಲವರು ಕಚೇರಿಗೆ ಬರುತ್ತಿದ್ದೀರಿ. ಕಾಮರ್ಸ್, ಐ.ಟಿ., ಹೋಟೆಲ್ ಮ್ಯಾನೇಜ್‌ಮೆಂಟ್ ಬಗ್ಗೆ ಎಲ್ಲರೂ ಕೇಳುತ್ತೀರಿ. ಆದರೆ ಬಿ.ಎಸ್.ಡಬ್ಲ್ಯೂ. ಎಂಬ ಸಮಾಜಕಾರ್ಯ ಪದವಿಯ ಮಾತನ್ನು ಮಕ್ಕಳೇ ಎತ್ತಿದರೂ, ಅದು ಸೇವೆಯೇ ಹೊರತು ಓದಲ್ಲವೆಂದು ಕೆಲವು ಮನೆಗಳಲ್ಲಿ ತಳ್ಳಿಹಾಕುತ್ತಾರೆ. ಅದು ಓದೇ ಹೌದು, ಸುಲಭದ ಓದೂ ಅಲ್ಲ ಎಂದು ತಿಳಿಸಲು ಈ ಪತ್ರ ಬರೆಯುತ್ತಿದ್ದೇನೆ.

ಈ ಶಿಕ್ಷಣಕ್ಕೆ ನಮ್ಮ ದೇಶದಲ್ಲಿ ಬುನಾದಿ ಬಿದ್ದದ್ದು ಮುಂಬಯಿಯಲ್ಲೇ. 1936ರಲ್ಲಿ ಸರ್ ದೊರಾಬ್ಜಿ ಟಾಟಾ ಅವರ ಹೆಸರಿನಲ್ಲಿ ನಾಗ್ಪಾಡಾದಲ್ಲಿ ತೆರೆದ ಶಾಲೆಯೇ ಇಂದು ದೇವನಾರ್‌ನಲ್ಲಿರುವ ಟಾಟಾ ಸಮಾಜವಿಜ್ಞಾನ ಸಂಸ್ಥೆ. 1955ರಲ್ಲಿ ಆರಂಭವಾದ ನಿರ್ಮಲಾ ನಿಕೇತನ ಸಮಾಜಕಾರ್ಯ ಕಾಲೇಜು ಮುಂಬಯಿ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದೆ. ಇಂಥ ಕಾಲೇಜುಗಳಲ್ಲಿ ಪಾಠದಷ್ಟೇ ತೂಕ ಫೀಲ್ಡ್‌ವರ್ಕ್‌ಗೂ ಇರುತ್ತದೆ. ಸಾಮಾನ್ಯವಾಗಿ ವಾರಕ್ಕೆ ಎರಡು ದಿನ ವಿದ್ಯಾರ್ಥಿಗಳು ಬಸ್ತಿ (ಕೊಳೆಗೇರಿ), ಆಸ್ಪತ್ರೆ ಅಥವಾ ಮಕ್ಕಳ ವಸತಿಗೃಹದಲ್ಲಿ ಕೆಲಸ ಮಾಡಿ, ಕಂಡದ್ದನ್ನೂ ಮಾಡಿದ್ದನ್ನೂ ವರದಿಯಾಗಿ ಬರೆದು, ಮಾರ್ಗದರ್ಶಕ ಅಧ್ಯಾಪಕರೊಡನೆ ಚರ್ಚಿಸಬೇಕು. ಅದಕ್ಕೆ ಅಂಕಗಳೂ ಉಂಟು. ಕಷ್ಟದಲ್ಲಿರುವ ಮಕ್ಕಳಿಗಾಗಿ ಇರುವ 1098 ಸಹಾಯವಾಣಿ 1996ರಲ್ಲಿ ಶುರುವಾದದ್ದು ಟಾಟಾ ಸಂಸ್ಥೆಯ ಇಂಥದೊಂದು ಕ್ಷೇತ್ರ ಯೋಜನೆಯಾಗಿಯೇ.

ಅಲ್ಲಿ ಕಲಿಯುವುದೇನು? ಕಲಬುರಗಿಯಿಂದ ಗಾರೆ ಕೆಲಸಕ್ಕೆ ಬಂದವರೊಬ್ಬರು ಆಸ್ಪತ್ರೆಯಲ್ಲಿ ಕೇಸ್‌ಪೇಪರ್ ಹಿಡಿದು, ಯಾವ ಕಿಟಕಿಗೆ ಹೋಗಬೇಕೆಂದು ತಿಳಿಯದೆ ನಿಂತಿದ್ದಾರೆ ಎಂದಿಟ್ಟುಕೊಳ್ಳಿ. ಮಹಾರಾಷ್ಟ್ರದ ಧರ್ಮಾದಾಯ (ಚಾರಿಟಬಲ್ ಟ್ರಸ್ಟ್) ಆಸ್ಪತ್ರೆಗಳು ಶೇ. 10ರಷ್ಟು ಹಾಸಿಗೆಗಳನ್ನು ಕಡುಬಡವರಿಗೆ ಉಚಿತವಾಗಿಯೂ, ಇನ್ನೂ ಶೇ. 10ರಷ್ಟನ್ನು ದುರ್ಬಲ ವರ್ಗದವರಿಗೆ ರಿಯಾಯಿತಿಯಲ್ಲಿಯೂ ಕಾದಿರಿಸಬೇಕೆಂಬ ನಿಯಮವಿದೆ. ಅದು ಅವರಿಗೆ ಗೊತ್ತಿಲ್ಲ. ಆದಾಯಕ್ಕೆ ತಕ್ಕಂತೆ ಕೊಡುವ ರೇಷನ್ ಕಾರ್ಡು ಹಳದಿಯೋ ಕೇಸರಿಯೋ, ತಹಶೀಲ್ದಾರರ ಆದಾಯ ಪ್ರಮಾಣಪತ್ರ ಇದೆಯೋ ಇಲ್ಲವೋ ಎಂದು ವಿಚಾರಿಸಿ, ಅರ್ಜಿ ತುಂಬಿಸಿ, ರೋಗಿಯ ಸಂಕೋಚವನ್ನೂ ಭಯವನ್ನೂ ಅರಿತು ಮಾತನಾಡುವುದು ತರಬೇತಿಯಿಂದ ಬರುವ ವಿದ್ಯೆ. ಮನೆಯಲ್ಲಿ ಕನ್ನಡ, ತುಳು, ಹೊರಗೆ ಮರಾಠಿ, ಹಿಂದಿ ಆಡಿ ಬೆಳೆದ ನಮ್ಮ ಮಕ್ಕಳಿಗೆ ಈ ಕೆಲಸದಲ್ಲಿ ಎಷ್ಟು ಅನುಕೂಲವಿದೆ ಎಂಬುದನ್ನು ನಾವೇ ಗಮನಿಸಿದಂತಿಲ್ಲ.

ಉದ್ಯೋಗದ ಚಿಂತೆ ಸಹಜ. ಆಸ್ಪತ್ರೆಗಳ ಸಮಾಜಸೇವಾ ವಿಭಾಗ, ಶಾಲಾ ಸಮಾಲೋಚನೆ, ಮಕ್ಕಳ ರಕ್ಷಣಾ ಘಟಕಗಳು, ಸ್ವಯಂಸೇವಾ ಸಂಸ್ಥೆಗಳು ಇಂಥವರನ್ನು ನೇಮಿಸಿಕೊಳ್ಳುತ್ತವೆ. 500 ಮತ್ತು ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಗಳಲ್ಲಿ ಕಲ್ಯಾಣಾಧಿಕಾರಿ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯೇ ವಿಧಿಸಿತ್ತು. ಆರಂಭದ ಸಂಬಳ ಹಲವೆಡೆ ಕಡಿಮೆ ಎಂಬುದನ್ನು ನಾನು ಮುಚ್ಚಿಡುವುದಿಲ್ಲ. ಒಳ್ಳೆಯ ಹುದ್ದೆಗಳಿಗೆ ಬಹುತೇಕ ಎಂ.ಎಸ್.ಡಬ್ಲ್ಯೂ. ಎಂಬ ಸ್ನಾತಕೋತ್ತರ ಪದವಿ ಕೂಡ ಬೇಕಾಗುತ್ತದೆ.

ಹೆಣ್ಣುಮಕ್ಕಳನ್ನು ಬಸ್ತಿಗಳಿಗೆ ಕಳುಹಿಸುವ ಅಳುಕೂ ನನಗೆ ಅರ್ಥವಾಗುತ್ತದೆ. ಪ್ರವೇಶಕ್ಕೆ ಮುನ್ನ ಕಾಲೇಜಿಗೆ ಹೋಗಿ, ಮಕ್ಕಳನ್ನು ಯಾವ ಸಂಸ್ಥೆಗೆ ಕಳುಹಿಸುತ್ತಾರೆ, ಅಲ್ಲಿ ಹೊಣೆ ಯಾರದ್ದು, ಸಂಜೆ ಎಷ್ಟು ಹೊತ್ತಿಗೆ ಬಿಡುತ್ತಾರೆ ಎಂದು ಸಂಕೋಚವಿಲ್ಲದೆ ಕೇಳಿರಿ.

ಈ ಕುರಿತು ಮಾತನಾಡಬಯಸುವವರು ಬರುವ ಶನಿವಾರ ಮಕ್ಕಳೊಂದಿಗೆ ಶಾಲೆಗೆ ಬರಬೇಕಾಗಿ ವಿನಂತಿ. ಹೋಟೆಲು ಕೆಲಸದಲ್ಲಿರುವವರಿಗೆ ಬಿಡುವಾಗಲೆಂದು ಮಧ್ಯಾಹ್ನ 3ರಿಂದ 5 ಗಂಟೆಯವರೆಗೆ ಸಮಯ ಇಟ್ಟುಕೊಂಡಿದ್ದೇನೆ.

ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ