ಒಂಬತ್ತು ಪವರ್ ಬೇಡ, ಮಗಳೇ

ಬಳ್ಳಾರಿ
ಭಾನುವಾರ ರಾತ್ರಿ

ಮಗಳೇ,

ನೀನು ಕೇಳಿದ್ದು ಸ್ಕೋಪ್ ಬಗ್ಗೆ: ಕರಡಿ, ಚಿರತೆಗೆ ಮದ್ದಿನ ಸೂಜಿ ಹೊಡೆಯುವ ನಿಮ್ಮ ಗನ್ನಿನ ಮೇಲಿನ ಗುರಿ ದುರ್ಬೀನು ರಿಪೇರಿ ಆಗುತ್ತಾ, ಇಲ್ಲದಿದ್ದರೆ ಯಾವುದು ತಗೋಬೇಕು ಅಂತ. ನಾನು ಹೇಳಿದ್ದು ನೌಕರಿ ಬಗ್ಗೆ. ಆಮೇಲೆ ಯಾರು ಏನಂದೆವು ಅನ್ನೋದು ಇಬ್ಬರಿಗೂ ಗೊತ್ತು, ಅದನ್ನು ಮತ್ತೆ ಬರೆಯುವುದಿಲ್ಲ. ನೀನು ಫೋನ್ ಇಟ್ಟ ಮೇಲೆ ನಿಮ್ಮಮ್ಮ ನನ್ನ ಜೊತೆ ಮಾತಾಡಿಲ್ಲ. ತಟ್ಟೆ ಇಟ್ಟು ಒಳಗೆ ಹೋದಳು. ಫೋನಲ್ಲಿ ನನ್ನ ದನಿ ಏರುತ್ತದೆ, ಅದಕ್ಕೇ ಕಾಗದ.

ಮೊದಲು ನೀನು ಕೇಳಿದ್ದಕ್ಕೆ ಉತ್ತರ. ನಿಮ್ಮ ಆ ಡಾರ್ಟ್ ಗನ್ ಮೇಲಿದ್ದ ಹಳೇ ಸ್ಕೋಪ್ ರಿಪೇರಿ ಆಗಲ್ಲ. ಬಿಚ್ಚಿ ನೋಡಿದೆ. ಒಳಗಿನ ಗಾಜಿಗೆ ಬೂಷ್ಟು ಹಿಡಿದು ಲೇಪನವನ್ನೇ ತಿಂದು ಹಾಕಿದೆ. ಸಂಡೂರು ಗಣಿಯ ಸರ್ವೆಯವರು ಕೋನ ಅಳೆಯುವ ಥಿಯೋಡಲೈಟ್ ತಂದುಕೊಡುತ್ತಿದ್ದ ಕಾಲದಿಂದ ಈ ಬೂಷ್ಟು ನೋಡಿದ್ದೇನೆ, ಒರೆಸಿದರೆ ಕಲೆ ಉಳಿಯುತ್ತದೆ. ಹೋಗಲಿ, ಅದು ಕೆಟ್ಟಿದ್ದೇ ಒಳ್ಳೇದಾಯಿತು. ಅದರ ಮೇಲೆ 3-9×40 ಅಂತ ಬರೆದಿದೆ. ಮೂರರಿಂದ ಒಂಬತ್ತು ಪಟ್ಟು ಹತ್ತಿರ ತೋರಿಸುತ್ತದೆ, ಮುಂದಿನ ಗಾಜು 40 ಮಿಲಿಮೀಟರ್. ದೂರದ ಗುರಿಗೆ ಮಾಡಿದ ಸಾಮಾನು. ನೀನು ಹೊಡೆಯೋದು 15, 20 ಮೀಟರ್‌ನಿಂದ, ಜಾಸ್ತಿ ಅಂದ್ರೆ 40. ಯಾವ ಪುಣ್ಯಾತ್ಮ ಅದನ್ನು ಅಲ್ಲಿ ಕೂರಿಸಿದನೋ!

ಈಗ ನೀನು ‘ಅಪ್ಪಾ, ಅದೇ ದುಡ್ಡಿಗೆ 6-24 ಸಿಗುತ್ತೆ’ ಅಂತೀಯ. ಬೇಡ. ಪವರ್ ಜಾಸ್ತಿ ಇದ್ದರೆ ಸ್ಕೋಪ್ ಒಳ್ಳೇದು ಅನ್ನೋದು ಮಾರುವವರ ಲೆಕ್ಕ.

ನನ್ನ ಲೆಕ್ಕ ಕೇಳು. 3-9 ಸ್ಕೋಪನ್ನು ಒಂಬತ್ತಕ್ಕೆ ತಿರುಗಿಸಿದರೆ 100 ಮೀಟರ್ ದೂರದಲ್ಲಿ ಸುಮಾರು ನಾಲ್ಕೂವರೆ ಮೀಟರ್ ಅಗಲ ಕಾಣುತ್ತದೆ. 20 ಮೀಟರ್‌ಗೆ ಬಂದರೆ ಒಂದು ಮೀಟರೂ ಇಲ್ಲ. ದೊಡ್ಡ ಕರಡಿ ಮೂತಿಯಿಂದ ಹಿಂದಿನವರೆಗೆ ಒಂದೂವರೆ ಮೀಟರ್ ಆಸುಪಾಸು ಇರುತ್ತದೆ. ಅಂದರೆ ನಿನಗೆ ಪೂರ್ತಿ ಕರಡಿಯೇ ಕಾಣಲ್ಲ, ಬರೀ ಕಪ್ಪು ಕೂದಲು ಕಾಣುತ್ತದೆ. ಅದು ಭುಜವೋ ತೊಡೆಯೋ ಹೇಗೆ ಹೇಳ್ತೀಯ? ಊದುಗೊಳವೆಯಲ್ಲಿ ಜಾತ್ರೆ ನೋಡಿದಂಗೆ.

1-4×24 ತಗೋ. ಒಂದಕ್ಕೆ ಇಟ್ಟರೆ ಅದೇ 20 ಮೀಟರ್‌ನಲ್ಲಿ ಆರು ಮೀಟರ್ ಅಗಲ ಕಾಣುತ್ತದೆ. ಕರಡಿ, ಅದರ ಪಕ್ಕದ ಬಂಡೆ, ಬಂಡೆ ಹಿಂದಿನ ಪೊದೆ, ಎಲ್ಲ. ಎರಡೂ ಕಣ್ಣು ಬಿಟ್ಟು ನೋಡಬಹುದು. ಬಲಗಣ್ಣು ಸ್ಕೋಪಿನೊಳಗಿನ ಗುರಿಯ ಗೆರೆ ನೋಡುತ್ತೆ, ಎಡಗಣ್ಣು ಸುತ್ತಮುತ್ತ ನೋಡುತ್ತೆ. ಎರಡೂ ಕೂಡಿಕೊಂಡು ಒಂದೇ ಚಿತ್ರ ಆಗುತ್ತದೆ. ನಾನು ಹೇಳಬೇಕಾಗಿದ್ದು ಇಷ್ಟೇ ಅಂತ ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಯಾಕೆ ಇಷ್ಟು ಒತ್ತಿ ಹೇಳ್ತಿದ್ದೀನಿ ಅನ್ನೋದು ನಿನಗೆ ಗೊತ್ತಿಲ್ಲ.

ನೀನು ಚಿಕ್ಕವಳಿದ್ದಾಗ ನಮ್ಮ ಕನ್ನಡಕದ ಅಂಗಡಿಗೆ ಒಬ್ಬರು ಬಂದಿದ್ದರು. ನೀನು ಸ್ಕೂಲಿಗೆ ಹೋಗಿದ್ದೆ. ಸಂಡೂರು ಕಡೆಯ ಹಳ್ಳಿಯವರು, ಸೀತಾಫಲ ಕೀಳಲು ಗುಡ್ಡಕ್ಕೆ ಹೋಗುತ್ತಿದ್ದವರು. ಮುಖಕ್ಕೆ ಟವೆಲ್ ಸುತ್ತಿಕೊಂಡಿದ್ದರು. ಕನ್ನಡಕ ಬೇಕು ಅಂದರು. ಟವೆಲ್ ತೆಗೀರಿ, ಕಣ್ಣು ಟೆಸ್ಟ್ ಮಾಡಬೇಕು ಅಂದೆ. ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಆಮೇಲೆ ತೆಗೆದರು.

ಎಡಗಣ್ಣು ಇರಲಿಲ್ಲ. ಮೂಗಿನ ದಂಡೆ ಇರಲಿಲ್ಲ. ಕರಡಿ ಮುಖಕ್ಕೇ ಕೈ ಹಾಕುತ್ತದೆ, ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಗಾಯ ಎಲ್ಲ ಮಾಗಿತ್ತು. ಉಳಿದ ಕಣ್ಣಿಗೆ ಪವರ್ ಬಂದಿತ್ತು. ಬಸ್ಸಿನ ಬೋರ್ಡ್ ಓದೋಕಾಗಲ್ಲ, ಯಾರನ್ನಾದರೂ ಕೇಳಿದರೆ ಮುಖ ನೋಡಿ ಹಿಂದೆ ಸರೀತಾರೆ, ಅದಕ್ಕೆ ಕನ್ನಡಕ ಬೇಕು ಅಂದರು. ಪವರ್ ನೋಡಿದೆ, ಗಾಜು ಕತ್ತರಿಸಿದೆ. ಅದೆಲ್ಲ ನನ್ನ ದಿನದ ಕೆಲಸ. ಆದರೆ ಫ್ರೇಮ್ ಎಲ್ಲಿ ಕೂರಿಸೋದು? ಕನ್ನಡಕ ನಿಲ್ಲೋದು ಮೂಗಿನ ಮೇಲೆ ಅಲ್ವಾ. ಇಟ್ಟೆ, ಜಾರಿತು. ಸಿಲಿಕಾನ್ ಪ್ಯಾಡ್ ದೊಡ್ಡದು ಹಾಕಿದೆ, ಗಾಯದ ಗುರುತಿನ ಮೇಲೆ ಒತ್ತಿತು. ಅವರು ನೋವಾಯಿತು ಅನ್ನಲಿಲ್ಲ, ಕುರ್ಚಿಯ ಕೈ ಹಿಡಿದುಕೊಂಡರು. ಕೊನೆಗೆ ಮಕ್ಕಳ ಕನ್ನಡಕಕ್ಕೆ ಹಾಕುವ ಎಲಾಸ್ಟಿಕ್ ಪಟ್ಟಿ ತಲೆ ಹಿಂದಿನಿಂದ ಕಟ್ಟಿ, ಹಣೆಗೊಂದು ಮೆತ್ತನೆ ತುಂಡು ಅಂಟಿಸಿದೆ. ನಿಂತಿತು.

ದುಡ್ಡು ಎಣಿಸುತ್ತಾ ಅವರೇ ಹೇಳಿದರು: ‘ಮರಿ ನೋಡ್ಕಂತ ನಿಂತಿದ್ದೆ ಸಾರ್. ಮುದ್ದಾಗಿತ್ತು. ತಾಯಿ ಬಗಲಾಗೇ ಇತ್ತು, ನೋಡ್ಲಿಲ್ಲ.’

ಇದೇ ನನ್ನ ತಲೆಯಲ್ಲಿ ಕೂತಿರೋದು. ದರೋಜಿ ಕರಡಿಧಾಮಕ್ಕೆ ನಿನ್ನನ್ನು ಕರೆದುಕೊಂಡು ಹೋದಾಗಲೂ ನೀನು ಗೋಪುರದ ಮೇಲಿಂದ ಬೈನಾಕ್ಯುಲರ್‌ನಲ್ಲಿ ಬಂಡೆ ಮೇಲಿನ ಕರಡಿ ನೋಡುತ್ತಿದ್ದೆ, ನಾನು ನಮ್ಮ ಹಿಂದಿನ ಮೆಟ್ಟಿಲು ನೋಡುತ್ತಿದ್ದೆ. ‘ಅಪ್ಪನಿಗೆ ಇಂಟರೆಸ್ಟೇ ಇಲ್ಲ’ ಅಂತ ಮನೆಗೆ ಬಂದು ಅಮ್ಮನ ಹತ್ತಿರ ಹೇಳಿದ್ದೆ.

ಸರಿ, ಸ್ಕೋಪಿಗೆ ಬರ್ತೀನಿ. ಕಡಿಮೆ ದುಡ್ಡಿನಲ್ಲಿ 1-8 ಅನ್ನೋದನ್ನೂ ಮಾರುತ್ತಾರೆ. ಅದೇ ಬೆಲೆಗೆ 1-4 ತಗೊಂಡರೆ ಗಾಜು ಚೆನ್ನಾಗಿರುತ್ತದೆ. ಪವರಿನ ವ್ಯಾಪ್ತಿ ಹಿಗ್ಗಿಸಿದಷ್ಟೂ ಒಳಗಿನ ಜೋಡಣೆ ಕಷ್ಟ, ಅಗ್ಗದಲ್ಲಿ ಅದು ಆಗೋದಿಲ್ಲ. 1-6×24 ಒಳ್ಳೇದು ಸಿಕ್ಕರೆ ಬೇಡ ಅನ್ನಲ್ಲ. ಬುಶ್ನೆಲ್, ವೋರ್ಟೆಕ್ಸ್‌ನಂಥ ಹೆಸರಿನವು ಈ ಅಳತೆಯಲ್ಲಿವೆ, ಆದರೆ ಹೆಸರು ನೋಡಿ ದುಡ್ಡು ಕೊಡಬೇಡ. ದೊಡ್ಡ ಹೆಸರಿಗೆ ನಕಲು ಜಾಸ್ತಿ. ಬಿಲ್ಲು, ವಾರಂಟಿ ಕಾರ್ಡು, ಸೀರಿಯಲ್ ನಂಬರ್ ಮೂರೂ ಹೊಂದಬೇಕು.

ಅಂಗಡಿಯಲ್ಲಿ ಟ್ಯೂಬ್‌ಲೈಟ್ ಕೆಳಗೆ ನಿಂತು ಮುಂದಿನ ಗಾಜಿನಲ್ಲಿ ದೀಪದ ಬಿಂಬ ನೋಡು. ಹಸಿರೋ ನೇರಳೆಯೋ ಮಂಕಾಗಿ ಕಂಡರೆ ಲೇಪನ ಇದೆ. ಬೆಳ್ಳಗೆ ಫಳಫಳ ಹೊಳೆದರೆ ಇಟ್ಟು ಬಾ. ಲೇಪನ ಇಲ್ಲದ ಗಾಜಿನ ಒಂದೊಂದು ಮೈಯೂ ನೂರಕ್ಕೆ ಸುಮಾರು 4 ಪಾಲು ಬೆಳಕನ್ನು ವಾಪಸ್ ಕಳಿಸುತ್ತದೆ. ಆರು ಗಾಜಿದ್ದರೆ ಹನ್ನೆರಡು ಮೈ. ಕೊನೆಗೆ ನಿನ್ನ ಕಣ್ಣಿಗೆ ಬರೋದು 60 ಪಾಲು. ಮಟಮಟ ಮಧ್ಯಾಹ್ನ ಇದು ಗೊತ್ತೇ ಆಗಲ್ಲ. ನಿಮಗೆ ಕರೆ ಬರೋದು ಮಧ್ಯಾಹ್ನವಾ? ಸಂಜೆ ಮುಗಿದು, ಮೆಕ್ಕೆಜೋಳದ ಹೊಲದಲ್ಲಿ ಏನೋ ಅಲ್ಲಾಡಿದ ಮೇಲೆ. ಕತ್ತಲಲ್ಲಿ ನಿನ್ನ ವಯಸ್ಸಿನವರ ಪಾಪೆ 6, 7 ಮಿಲಿಮೀಟರ್ ಹಿಗ್ಗುತ್ತದೆ. 1-4×24ರಲ್ಲಿ ಮುಂದಿನ ಗಾಜಿನ 24ನ್ನು ಪವರ್ 4ರಿಂದ ಭಾಗಿಸು, 6 ಮಿಲಿಮೀಟರ್ ಅಗಲದ ಬೆಳಕು ಹೊರಗೆ ಬರುತ್ತದೆ. ನಿನ್ನ 6-24ರಲ್ಲಿ 50ರ ಗಾಜಿದ್ದರೂ 24ಕ್ಕೆ ತಿರುಗಿಸಿದಾಗ ಬರೋದು ಎರಡೇ ಎರಡು.

ಆಮೇಲೆ ಒಂದರಲ್ಲಿ ಇಟ್ಟು ಬಾಗಿಲ ಚೌಕಟ್ಟು ನೋಡು, ಎರಡೂ ಕಣ್ಣು ಬಿಟ್ಟು. ಒಳಗೆ ಕಾಣುವ ಚೌಕಟ್ಟು, ಹೊರಗೆ ಕಾಣುವ ಚೌಕಟ್ಟು ಒಂದೇ ಗೆರೆಯಾಗಿ ಕೂಡಬೇಕು. ಅಗ್ಗದ ಸ್ಕೋಪುಗಳಲ್ಲಿ ಒಂದು ಅಂತ ಬರೆದಿದ್ದರೂ ಸ್ವಲ್ಪ ದೊಡ್ಡದೇ ಕಾಣುತ್ತೆ, ಅಂಚು ಬಾಗುತ್ತೆ. ತಲೆ ಸುತ್ತಿದಂತಾದರೆ ಬೇಡ.

ಪವರ್ ತಿರುಗಿಸಿದಾಗ ಒಳಗಿನ ಗೆರೆಯೂ ದೊಡ್ಡದಾಗುವುದು ಒಂದು ಜಾತಿ, ಗೆರೆ ಹಾಗೇ ಉಳಿಯುವುದು ಇನ್ನೊಂದು. ನಿನಗೆ ಎರಡನೆಯದು. ಮೊದಲನೆಯದರಲ್ಲಿ ಒಂದಕ್ಕೆ ಇಟ್ಟಾಗ ಗೆರೆ ಕೂದಲೆಳೆಯಾಗಿ ಕರಡಿಯ ಕಪ್ಪಿನಲ್ಲಿ ಕಾಣೆಯಾಗುತ್ತದೆ. ನಡುವೆ ಕೆಂಪು ದೀಪ ಇದ್ದರೆ ಒಳ್ಳೇದು, ಬೇರೆ ಸೆಲ್ ಒಂದು ಬ್ಯಾಗಿನಲ್ಲಿ ಇರಲಿ.

ಪ್ಯಾರಲಾಕ್ಸ್ ಬಗ್ಗೆ, ಅಂದರೆ ಕಣ್ಣು ಪಕ್ಕಕ್ಕೆ ಸರಿದರೆ ಗೆರೆಯೂ ಗುರಿಯಿಂದ ಸರಿದಂತೆ ಕಾಣೋದರ ಬಗ್ಗೆ, ನಿಮ್ಮ ಆಫೀಸಿನವರು ಹೆದರಿಸಿದ್ದಾರೆ ಅಂದೆ. ಇಂಥ ಸ್ಕೋಪನ್ನು ಸಾಮಾನ್ಯವಾಗಿ 100 ಗಜಕ್ಕೆ ಹೊಂದಿಸಿರುತ್ತಾರೆ, 20ರಲ್ಲಿ ಗುರಿ ತಪ್ಪುತ್ತೆ ಅನ್ನೋದು ಅವರ ವಾದ. ತಪ್ಪುತ್ತೆ ನಿಜ, ಎಷ್ಟು? 24ರ ಗಾಜಿನಲ್ಲಿ ಕಣ್ಣು ಪೂರ್ತಿ ಅಂಚಿಗೆ ಹೋದರೂ ಒಂದು ಸೆಂಟಿಮೀಟರ್ ಒಳಗೆ. ನೀನು ಹೊಡೆಯೋದು ತೊಡೆಯ ಮಾಂಸಖಂಡಕ್ಕೆ, ಕಾಸಿನ ನಾಣ್ಯಕ್ಕಲ್ಲ. ಅದಕ್ಕಂತ ಜಾಸ್ತಿ ದುಡ್ಡು ಸುರಿಯಬೇಡ.

ಸ್ಕೋಪ್ ಬೇಡ, ಬರೀ ಕೆಂಪು ಚುಕ್ಕೆಯ ಸೈಟ್ ಹಾಕೋಣ ಅಂತ ನಿನ್ನ ಜೊತೆಯವರು ಹೇಳಿದ್ದರಲ್ಲ. ಅವರ ಕಣ್ಣಿಗೆ ಸರಿ. ನಿನ್ನ ಬಲಗಣ್ಣಿಗೆ ಮೈನಸ್ 1.75 ಜೊತೆಗೆ ಒಂದು ಸಿಲಿಂಡರ್ ಇದೆ, ಅಂದರೆ ಕಣ್ಣಿನ ವಕ್ರತೆ ಎಲ್ಲ ಕಡೆ ಒಂದೇ ಸಮ ಇಲ್ಲ. ಬೆವರಿಗೆ ಕನ್ನಡಕ ತೆಗೆದೆಯೋ, ಚುಕ್ಕೆ ಒಡೆದು ಬಾಲ ಬಂದಂಗೆ ಕಾಣುತ್ತದೆ. ಗಾಜಿನಲ್ಲಿ ಕೊರೆದ ಗೆರೆ ಅಷ್ಟು ಕೆಡಲ್ಲ. ಸ್ಕೋಪಿನ ಹಿಂಬದಿ ತಿರುವಿನಲ್ಲಿ ಮೈನಸ್ ಸರಿ ಹೋಗುತ್ತೆ, ಸಿಲಿಂಡರ್ ಹೋಗಲ್ಲ. ಅದಕ್ಕೆ ಕನ್ನಡಕ ಹಾಕಿಕೊಂಡೇ ಹೊಡಿ. ಇಂಥ ಸ್ಕೋಪಿಗೆ ಕಣ್ಣು ಒಂಬತ್ತು ಹತ್ತು ಸೆಂಟಿಮೀಟರ್ ದೂರ ಇರುತ್ತದೆ, ಕನ್ನಡಕ ತಾಗಲ್ಲ. ಹಿಂದೆ ಪಟ್ಟಿ ಇರುವ ಹೊಸ ಜೋಡಿ ಮಾಡಿಸಿದ್ದೇನೆ, ಈ ಕಾಗದದ ಜೊತೆಯೇ ಬರುತ್ತದೆ. ಆ ಪಟ್ಟಿ ಕಟ್ಟುವಾಗ ಮತ್ತೆ ಅವರದೇ ನೆನಪು. ಹೊಸ ಕನ್ನಡಕ ಹಾಕಿಕೊಂಡು ಬಾಗಿಲಲ್ಲಿ ನಿಂತು, ಎದುರಿನ ಅಂಗಡಿಯ ಬೋರ್ಡನ್ನು ಒಂದೊಂದೇ ಅಕ್ಷರ ಜೋಡಿಸಿ ಜೋರಾಗಿ ಓದಿದರು. ನಾನು ಒಳಗೆ ಹೋಗಿ ಕೈ ತೊಳೆದುಕೊಂಡೆ, ಸುಮ್ನೆ.

ನೀನು ಡಾಕ್ಟರು. ನಾನು ಕನ್ನಡಕದವನು. ಉಪದೇಶ ಮಾಡಬಾರದು ಅಂತಲೇ ಕೂತಿದ್ದು. ಆದರೂ ಕೇಳು. ಡಾರ್ಟ್ ನಿಧಾನಕ್ಕೆ ಹೋಗುತ್ತೆ, ಬಾಗಿ ಹೋಗುತ್ತೆ. ದೂರ ನೋಡಿಕೊಂಡು ಗ್ಯಾಸಿನ ಒತ್ತಡ ಇಡಬೇಕು ಅಂತ ನೀನೇ ತೋರಿಸಿದ್ದೆ. ಹಾಗಿದ್ದ ಮೇಲೆ ದೂರ ಅಳೆಯುವ ಲೇಸರ್ ಮೀಟರ್ ಮುಖ್ಯ. ಮಂಜೂರಾದ 18 ಸಾವಿರವನ್ನೂ ಸ್ಕೋಪಿಗೇ ಹಾಕಬೇಡ, ಸಾಧಾರಣ ಮೀಟರ್ ಒಂದಕ್ಕೆ ಉಳಿಸು. ಗನ್ನಿನ ಮೇಲಿನ ಪಟ್ಟಿ 11 ಮಿಲಿಮೀಟರಿನದೋ ಅಗಲದ್ದೋ ಅಳೆದು ನೋಡಿ ಆಮೇಲೆ ಕ್ಲಾಂಪ್ ತಗೋ. ಚೀಫ್ ವೈಲ್ಡ್‌ಲೈಫ್ ವಾರ್ಡನ್ ಅನುಮತಿ ಇಲ್ಲದೆ ಗನ್ ಎತ್ತಬೇಡ, ಶಾಸಕರು ಬಂದು ನಿಂತರೂ ಅಷ್ಟೇ. 1972ರ ವನ್ಯಜೀವಿ ಕಾಯ್ದೆ ನಿನಗೆ ಬಾಯಿಪಾಠ, ಆದರೆ ಊರಿನ ಜನ ಕಲ್ಲು ಹಿಡಿದು ನಿಂತಾಗ ಅದು ಎಲ್ಲರಿಗೂ ಮರೆಯುತ್ತೆ. ಮದ್ದು ಏರಲು ಹತ್ತು ನಿಮಿಷ ಬೇಕು ಅಂತೀಯ. ಆ ಹತ್ತು ನಿಮಿಷ ಮರಿಯ ಕಡೆ ನೋಡಬೇಡ. ನೋಡು, ಮತ್ತೆ ಅಲ್ಲಿಗೇ ಬಂದೆ.

ಕುರುಗೋಡಿನ ಪಶು ಆಸ್ಪತ್ರೆಗೆ ವರ್ಗ ಹಾಕಿಸಿಕೋ ಅಂದಿದ್ದಕ್ಕೆ ನಿನಗೆ ಸಿಟ್ಟು ಬಂತು. ಆ ಮಾತು ವಾಪಸ್ ತಗೊಳ್ಳಲ್ಲ, ನನಗೆ ಈಗಲೂ ಅದೇ ಆಸೆ. ಅದನ್ನು ಹೇಳಿದ ರೀತಿಗೆ ಮಾತ್ರ ಬೇಜಾರು ಮಾಡ್ಕೋಬೇಡ. ಗಂಗಾವತಿ ಕಡೆ ಹಿಡಿದ ಚಿರತೆ ಪಕ್ಕ ನೀನು ಮಂಡಿಯೂರಿ ಕೂತಿರುವ ಫೋಟೊ ಪೇಪರಲ್ಲಿ ಬಂದಿತ್ತಲ್ಲ, ಅದು ಕೌಂಟರಿನ ಗಾಜಿನ ಕೆಳಗೆ ಇದೆ. ಓದಲು ಬರುತ್ತೋ ಇಲ್ಲವೋ ಅಂತ ನೋಡೋಕೆ ಅಕ್ಷರದ ಕಾರ್ಡ್ ಕೊಡೋ ಬದಲು ಅದನ್ನೇ ಓದಿಸುತ್ತೇನೆ. ಚಿರತೆ ಅಂತ ಓದಿದರೆ ಸಾಲದು, ಕೆಳಗಿನ ಸಣ್ಣ ಅಕ್ಷರದ ಹೆಸರೂ ಓದಬೇಕು. ನಿಮ್ಮಮ್ಮನಿಗೆ ಇದು ಗೊತ್ತಿಲ್ಲ, ಹೇಳಬೇಡ.

ದುಡ್ಡು ಸಾಲದಿದ್ದರೆ ನಾನು ಹಾಕ್ತೀನಿ. ಸರ್ಕಾರಿ ಗನ್ನಿಗೆ ಅಪ್ಪನ ದುಡ್ಡು ಯಾಕೆ ಅಂತ ನೀನು ಕೇಳ್ತೀಯ, ಗೊತ್ತು. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ, ದುಡ್ಡು ಇದೆ. ಬ್ಯಾಗಿನಲ್ಲಿ ಶೇಂಗಾ ಚಟ್ನಿಪುಡಿಯೂ ಇದೆ, ಅದು ಅಮ್ಮನದು.

ಸ್ಕೋಪ್ ಯಾವುದು ತಗೊಂಡೆ ಅಂತ ಬರಿ. ಇನ್ನೊಂದನ್ನೂ ಬರಿ, ಫೋನಲ್ಲಿ ಬೇಡ, ಕಾಗದದಲ್ಲೇ ಬೇಕು ನನಗೆ: ನೀನು ಸ್ಕೋಪಿಗೆ ಕಣ್ಣಿಟ್ಟಾಗ ನಿನ್ನ ಎಡಕ್ಕೆ ಯಾರು ನಿಲ್ಲುತ್ತಾರೆ, ಬಲಕ್ಕೆ ಯಾರು, ಅವರಿಬ್ಬರೂ ಯಾವ ಕಡೆ ನೋಡುತ್ತಿರುತ್ತಾರೆ?

ಅಪ್ಪ