ಮೇಷ್ಟ್ರ ಮನೆಗೆ ನೀನೇ ಹೋಗು

ಚಿ. ಸೌ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಇತ್ತ ಕ್ಷೇಮ. ನಿನ್ನ ಕಾಗದ ಸೋಮವಾರ ಬಂತು. ನಿಮ್ಮ ಜೊತೆ ಪ್ರವಾಸಕ್ಕೆ ಬಂದಿದ್ದ ಮೇಷ್ಟ್ರು ತೀರಿಹೋದದ್ದು, ಕರ್ಮಾಂತರಕ್ಕೆ ಯಾರು ಯಾರು ಬಂದಿದ್ದರು ಎನ್ನುವುದು ಎಲ್ಲ ನಿಮ್ಮಮ್ಮ ಫೋನಿನಲ್ಲಿ ಹೇಳಿದ್ದಾಳೆ, ಅದು ಬೇಡ. ಕೊನೆಯ ಪುಟದಲ್ಲಿ ಸಹಿಗೆ ಮುಂಚೆ ಒಂದು ಸಾಲು ಬರೆದಿದ್ದೀಯಲ್ಲ, "ಅವರ ಬೀದಿಯಲ್ಲಿ ಓಡಾಡೋದೇ ಬಿಟ್ಟಿದ್ದೀನಿ, ಆ ರಾತ್ರಿ ಏನಾಯ್ತು ಅಂತ ಕೇಳಿದರೆ ಏನು ಹೇಳಲಿ" ಅಂತ. ಅದನ್ನು ಓದಿದ ಮೇಲೆ ನನಗೆ ನಿದ್ದೆ ಹತ್ತಲಿಲ್ಲ.

ಆ ರಾತ್ರಿ ಮೇಷ್ಟ್ರಿಗೆ ನೀನು ಈನೋ ಕಲಸಿ ಕೊಟ್ಟ ವಿಷಯ ನಿನ್ನ ಗಂಡನಿಗೂ ಹೇಳಿಲ್ಲ ಎನ್ನುತ್ತೀಯ. ಹೊರನಾಡಿಗೆ ಹೋಗಿ ಬಂದು, ಕಳಸದ ಆ ಹೋಂಸ್ಟೇಯಲ್ಲಿ ಸಂಜೆ ಬಜ್ಜಿ ತಿಂದು, ರಾತ್ರಿ ಎದೆ ಉರೀತಿದೆ ಅಂದರೆ ಯಾರಾದರೂ ಏನು ಮಾಡುತ್ತಾರೆ? ಗ್ಯಾಸ್ಟ್ರಿಕ್ ಅನ್ನುತ್ತಾರೆ. ಮೇಷ್ಟ್ರೇ ಹಾಗಂದರು ಎಂದು ನೀನೇ ಬರೆದಿದ್ದೀಯ. ನನ್ನ ಶುಗರ್ ನೋಡುವ ಡಾಕ್ಟರು ಎಂದೋ ಹೇಳಿದ್ದರು, ಸಕ್ಕರೆ ಕಾಯಿಲೆ ಹಳತಾದವರಿಗೆ ನರಗಳು ಮಂಕಾಗಿರುತ್ತವಂತೆ. ಹಾರ್ಟ್ ಅಟ್ಯಾಕ್ ಆದರೂ ಕೆಲವರಿಗೆ ನೋವೇ ತಿಳಿಯುವುದಿಲ್ಲ. ಬೆವರು, ಸುಸ್ತು, ಹೊಟ್ಟೆ ತೊಳಸಿದ ಹಾಗೆ, ದವಡೆ ಹಿಡಿದ ಹಾಗೆ, ಇಷ್ಟೇ. ಮೇಷ್ಟ್ರ ಶುಗರ್ ಎಷ್ಟು ಹಳೆಯದು ಎನ್ನುವುದು ನಮ್ಮ ಬೀದಿಗೇ ಗೊತ್ತು.

ಬೇಗ ಕರಕೊಂಡು ಹೋಗಿದ್ದರೆ ಉಳೀತಿದ್ದರಾ ಎಂದು ಕೇಳಿದ್ದೀಯ. ಇಲ್ಲ ಅಂದುಬಿಟ್ಟರೆ ನಿನಗೆ ಸಮಾಧಾನ, ಆದರೆ ಅದು ಸುಳ್ಳಾಗುತ್ತದೆ. ಉಳಿದರೂ ಉಳೀತಿದ್ದರು. ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಇದೆ, ಎಷ್ಟು ಬೇಗ ಕೊಟ್ಟರೆ ಅಷ್ಟು ಕೆಲಸ ಮಾಡುತ್ತದೆ. ಈಗ ಪುನೀತ್ ಹೆಸರಿನ ಸರಕಾರದ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೂ ಅದನ್ನು ಪುಕ್ಕಟೆ ಕೊಡುತ್ತಾರೆ. ಹಾಗೆಂದು ಆ ಹುಡುಗನನ್ನೇ ನೆನೆಸಿಕೋ. 2021ರ ಅಕ್ಟೋಬರ್ 29, ಇನ್ನೂ 46 ವರ್ಷ, ಇದ್ದದ್ದು ಬೆಂಗಳೂರಿನ ನಡುಮಧ್ಯೆ, ಮೈ ಸರಿಯಿಲ್ಲ ಅನ್ನಿಸಿದ ಕೂಡಲೇ ಡಾಕ್ಟರ ಹತ್ತಿರ ಹೋದವನು. ಉಳಿದನಾ? ನೀವಿದ್ದದ್ದು ಕಾಡಿನ ನಡುವೆ, ಸಿಗ್ನಲ್ ಕೂಡ ಇಲ್ಲದ ಕಡೆ, ದೊಡ್ಡಾಸ್ಪತ್ರೆಗೆ ಘಾಟಿ ಇಳಿದು ಕಾರ್ಕಳ ದಾಟಬೇಕು.

ಆದರೆ ನನಗೆ ದಿಗಿಲಾದದ್ದು ಈನೋ ವಿಷಯಕ್ಕಲ್ಲ, ನೀನು ಬೀದಿ ಬದಲಾಯಿಸಿದ್ದಕ್ಕೆ.

ನಿಮ್ಮ ದೊಡ್ಡಪ್ಪ ಕಾಶಿಯಲ್ಲಿ ಹೋದದ್ದು ನಿನಗೆ ಗೊತ್ತು. 1986, ಮೇ ತಿಂಗಳು, ಆಫೀಸಿನವರೆಲ್ಲ ಸೇರಿ ಹೊರಟಿದ್ದರು. ಹನುಮಾನ್ ಘಾಟಿನ ಹತ್ತಿರ ಛತ್ರದಲ್ಲಿ ಇಳಿದುಕೊಂಡಿದ್ದರು, ವಾಂತಿಭೇದಿ ಶುರುವಾಯಿತು, ಎರಡು ಹಗಲಲ್ಲಿ ಮುಗಿಯಿತು. ಪಕ್ಕದ ಹರಿಶ್ಚಂದ್ರ ಘಾಟಿನಲ್ಲೇ ಸಂಸ್ಕಾರ ಮಾಡಿದರು. ನನಗೆ ಬಂದದ್ದು ಟೆಲಿಗ್ರಾಂ. ಇಷ್ಟು ಮನೆಯವರಿಗೆಲ್ಲ ಗೊತ್ತು. ಗೊತ್ತಿಲ್ಲದ್ದು ಅವರ ಜೊತೆ ಒಂದೇ ರೂಮಿನಲ್ಲಿದ್ದ ಸ್ನೇಹಿತರೊಬ್ಬರ ವಿಷಯ. ವಾರಕ್ಕೊಮ್ಮೆ ನಮ್ಮ ಮನೆಯಲ್ಲಿ ಇಸ್ಪೀಟು ಆಡುತ್ತಿದ್ದವರು ಆಮೇಲೆ ಹೊಸ್ತಿಲು ತುಳಿಯಲಿಲ್ಲ. ಮಾರ್ಕೆಟ್ಟಿನಲ್ಲಿ ನನ್ನನ್ನು ಕಂಡರೆ ಬಾಳೆಲೆ ಅಂಗಡಿ ಕಡೆ ತಿರುಗಿಬಿಡುತ್ತಿದ್ದರು. ನಿಮ್ಮ ದೊಡ್ಡಪ್ಪನ ಚೀಲ ಕೂಡ ಪ್ಯೂನ್ ಕೈಲಿ ಬಂತು. ತೆಗೆದು ನೋಡಿದರೆ ಬನಿಯನ್ನು, ಪಂಚೆ, ಟವೆಲ್ಲು ಎಲ್ಲ ಒಗೆದು ಇಸ್ತ್ರಿ ಮಾಡಿಸಿ ಜೋಡಿಸಿದ್ದಾರೆ. ಪಾಪ, ಒಳ್ಳೆಯದಕ್ಕೇ ಮಾಡಿಸಿದ್ದು. ನನಗೋ ಅದು ಯಾರದೋ ಚೀಲ ಅನ್ನಿಸಿತು.

ಅವರು ಬಾರದೇ ಇದ್ದದ್ದಕ್ಕೆ ನಾನು ಏನೇನೋ ಕಟ್ಟಿಕೊಂಡೆ. ನೀರು ಕೇಳಿದಾಗ ಕೊಡಲಿಲ್ಲವೇನೋ, ರೂಮಿನಲ್ಲಿ ಒಬ್ಬರನ್ನೇ ಮಲಗಿಸಿ ದೇವಸ್ಥಾನಕ್ಕೆ ಹೋಗಿದ್ದರೇನೋ, ದುಡ್ಡಿನ ವ್ಯವಹಾರ ಏನಾದರೂ ಇತ್ತೇನೋ. ಒಬ್ಬ ಮನುಷ್ಯನ ಮೇಲೆ ಎಷ್ಟು ಅನುಮಾನ ಪಡಬಹುದೋ ಅಷ್ಟೂ ಪಟ್ಟೆ. ನನಗೆ ಬೇಕಾಗಿದ್ದದ್ದು ಕೊನೆಗೆ ಏನು ತಿಂದರು, ನನ್ನ ಹೆಸರು ಎತ್ತಿದರಾ, ಇಷ್ಟೇ. ನಾನೇ ಹೋಗಿ ಕೇಳಬಹುದಿತ್ತು. ಹೆಂಗಸು, ಗಂಡ ಸತ್ತವಳು, ಬೇರೆಯವರ ಮನೆ ಬಾಗಿಲಿಗೆ ಹೋಗಿ ನಿಲ್ಲುವುದು ಆಗಿನ ಕಾಲಕ್ಕೆ ಕಷ್ಟ. ಅವರೂ ಹೋಗಿ ವರ್ಷಗಳಾದವು, ಇನ್ನು ಕೇಳುವುದು ಯಾರನ್ನು?

ಅದಕ್ಕೇ ಹೇಳುತ್ತಿರುವುದು. ಮೇಷ್ಟ್ರ ಮನೆಯಾಕೆ ಮಂಡಿನೋವಿಗೆ ಹಿಂದೆ ಉಳಿದವರು. ಆ ರಾತ್ರಿ ಅವರ ಪಾಲಿಗೆ ಬರೀ ಖಾಲಿ. ನೀನು ಹೋಗದಿದ್ದರೆ ಅವರು ಸುಮ್ಮನೆ ಇರುತ್ತಾರೆ ಅಂದುಕೊಂಡೆಯಾ?

ಮೇಷ್ಟ್ರ ಬ್ಯಾಗು ನಿಮ್ಮ ಕಾರಿನ ಡಿಕ್ಕಿಯಲ್ಲೇ ಇದೆಯಂತೆ. ಬಟ್ಟೆ ಒಗೆಯಬೇಡ. ಡ್ರೈವರ್ ಕೈಲಿ ಕಳಿಸಬೇಡ. ಮಧ್ಯಾಹ್ನದ ಹೊತ್ತು, ಅವರ ಸೊಸೆ ಆಫೀಸಿನಲ್ಲಿರುವಾಗ ಹೋಗು. ಹಣ್ಣು ಗಿಣ್ಣು ಹೊತ್ತುಕೊಂಡು ಹೋಗಬೇಡ, ಅಥವಾ ತಗೊಂಡು ಹೋಗು, ಅದು ನನಗೂ ತಿಳಿಯದು. ಈನೋ ವಿಷಯ ಅವರು ಕೇಳುವ ಮೊದಲೇ ಹೇಳಿಬಿಡು. ಬೈದರೆ ಬೈಸಿಕೋ. ಭದ್ರಾ ಹೊಳೆಯ ಹತ್ತಿರ ಮೇಷ್ಟ್ರು ಪ್ಯಾಂಟು ಮಡಚಿಕೊಂಡು ನಿಂತ ಫೋಟೋ ನನಗೆ ಕಳಿಸಿದ್ದೆಯಲ್ಲ, ಅದನ್ನು ಅವರಿಗೂ ತೋರಿಸು. ಸಕ್ಕರೆ ಹಾಕಿದ ಕಾಫಿ ಕದ್ದು ಕುಡಿದರು ಎನ್ನುವುದನ್ನೂ ಹೇಳು, ಆಕೆಗೆ ನಗು ಬಂದರೂ ಬರಬಹುದು.

ಇನ್ನೊಂದು. ನಿನ್ನ ಗಂಡನಿಗೂ ಶುಗರ್ ಶುರುವಾಗಿದೆ, ಒಂದು ಇಸಿಜಿ ತೆಗೆಸು. ದೂರದೂರಿಗೆ ಹೊರಟಾಗ ಹತ್ತಿರದ ಆಸ್ಪತ್ರೆ ಎಲ್ಲಿ ಎಂದು ಮೊದಲೇ ಕೇಳಿಟ್ಟುಕೊಳ್ಳುವುದು ಒಳ್ಳೆಯದು. ಈಗ ಇದನ್ನು ಬರೆದರೆ ನಿನ್ನನ್ನು ಚುಚ್ಚಿದ ಹಾಗಾಗುತ್ತದೇನೋ, ಹಾಗೆ ತಿಳಿಯಬೇಡ, ಮುದುಕಿಯ ಬಾಯಿ.

ಈ ಶುಕ್ರವಾರದೊಳಗೆ ಹೋಗಿ ಬಾ. ಹೊರಡುವ ಮುಂಚೆ ಕಾಲು ಹಿಂದೆ ಬಂದರೆ ನನಗೊಂದು ಫೋನ್ ಮಾಡು. ಹನ್ನೊಂದರ ಮೇಲೆ ಮಾಡು, ಅದಕ್ಕೆ ಮೊದಲು ನಾನು ಕಿವಿಯ ಮಷೀನು ಹಾಕಿಕೊಂಡಿರುವುದಿಲ್ಲ.

ಇಂತಿ,
ನಿನ್ನ ದೊಡ್ಡಮ್ಮ